ಬಾಗಿಲ ತನಕ ಊಟ ತಂದವನ ಮಾತು

(ಸುವರ್ಣ ಮಹೋತ್ಸವದ ಹಳೆ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣ)



ನನಗಿಂತ ಮೊದಲು ಮಾತನಾಡಿದ ಹಳೆ ವಿದ್ಯಾರ್ಥಿಗಳಲ್ಲಿ ಒಬ್ಬರು ವೈದ್ಯರು, ಒಬ್ಬರು ಇಂಜಿನಿಯರು. ನಾನು 2011ರಲ್ಲಿ ಇಲ್ಲಿ ಎಸ್ಸೆಸ್ಸೆಲ್ಸಿ ಮುಗಿಸಿ, ಪಿಯುಸಿ ಅರ್ಧಕ್ಕೆ ಬಿಟ್ಟು ಬೆಂಗಳೂರು ಸೇರಿದವನು. 2019ರಿಂದ ಬೈಕಿನಲ್ಲಿ ಮನೆಮನೆಗೆ ಊಟ ತಲುಪಿಸುವ ಕೆಲಸ ಮಾಡುತ್ತಿದ್ದೇನೆ. "ನಾನೇನು ಮಾತಾಡಲಿ ಸಾರ್?" ಎಂದು ಕೇಳಿದ್ದಕ್ಕೆ ಮುಖ್ಯೋಪಾಧ್ಯಾಯರು, "ಕೊರೊನಾ ಕಾಲದಲ್ಲಿ ನೀನು ಕಂಡದ್ದನ್ನೇ ಹೇಳಪ್ಪ" ಎಂದರು. ಅದನ್ನೇ ಹೇಳುತ್ತೇನೆ.

2020ರ ಮಾರ್ಚ್ 24ರ ರಾತ್ರಿ 21 ದಿನಗಳ ಲಾಕ್‌ಡೌನ್ ಘೋಷಣೆಯಾಯಿತು. ನನ್ನ ರೂಮಿನಲ್ಲಿದ್ದ ಇಬ್ಬರು ಊರಿಗೆ ಹೊರಟರು. ನಾನು ಉಳಿದೆ; ಬೈಕಿನ ಸಾಲದ ಕಂತು ಬಾಕಿ ಇತ್ತು. ಊಟ ತಲುಪಿಸಲು ಸರ್ಕಾರ ಅವಕಾಶ ಕೊಟ್ಟಿತ್ತು, ಆದರೆ ಹೆಚ್ಚಿನ ಹೋಟೆಲುಗಳು ಬಾಗಿಲು ಹಾಕಿದ್ದವು. ದಿನವಿಡೀ ಕಾದರೂ ನಾಲ್ಕೈದು ಆರ್ಡರ್ ಸಿಗುತ್ತಿರಲಿಲ್ಲ. ಬ್ಯಾರಿಕೇಡ್ ಬಂದಲ್ಲೆಲ್ಲ ಮೊಬೈಲ್ ತೆಗೆದು, "ಸಾರ್, ಊಟದ ಆರ್ಡರ್" ಎಂದು ತೋರಿಸಬೇಕಿತ್ತು.

ಏಪ್ರಿಲ್‌ನಲ್ಲಿ ದೆಹಲಿಯ ಒಬ್ಬ ಪಿಜ್ಜಾ ಡೆಲಿವರಿ ಹುಡುಗನಿಗೆ ಸೋಂಕು ತಗುಲಿ, ಅವನು ಹೋಗಿದ್ದ 72 ಮನೆಗಳವರನ್ನು ಕ್ವಾರಂಟೈನ್ ಮಾಡಿದರು. ಆ ಸುದ್ದಿ ಬಂದ ಮೇಲೆ ಜನ ನಮ್ಮನ್ನು ನೋಡುವ ನೋಟವೇ ಬದಲಾಯಿತು. ಲಿಫ್ಟಿಗೆ ಹತ್ತಿಸುತ್ತಿರಲಿಲ್ಲ. ಊಟವನ್ನು ಬಾಗಿಲ ಬಳಿ ಇಟ್ಟು, ಫೋಟೋ ತೆಗೆದು, ದೂರ ಸರಿದು ನಿಲ್ಲಬೇಕು. ಜನ ಹೆದರಿದ್ದು ತಪ್ಪಲ್ಲ, ನಮಗೂ ಹೆದರಿಕೆ ಇತ್ತು. ಆದರೆ ಪಾರ್ಸಲ್ ಕೊಡುವ ಹೋಟೆಲಿನವರು ನಮ್ಮನ್ನು ಒಳಗೆ ಬಿಡುತ್ತಿರಲಿಲ್ಲ. ಬಿಸಿಲಲ್ಲಿ ಕಾಯಬೇಕು, ಶೌಚಾಲಯ ಇಲ್ಲ. ಹಾಗಾಗಿ ಬೆಳಿಗ್ಗೆಯಿಂದ ನೀರು ಕುಡಿಯುವುದನ್ನೇ ಕಡಿಮೆ ಮಾಡಿದ್ದೆ. ಊಟದ ಚೀಲ ಬೆನ್ನಿಗೆ ಹೊತ್ತುಕೊಂಡು ಹಸಿವಿನಲ್ಲಿ ಗಾಡಿ ಓಡಿಸಿದ ದಿನಗಳೂ ಇವೆ.

ಮಕ್ಕಳೇ, ನಮ್ಮ ಕೂಲಿಯ ಲೆಕ್ಕ ನಿಮಗೆ ತಿಳಿಯಲಿ. ನಮಗೆ ತಿಂಗಳ ಸಂಬಳ ಇಲ್ಲ. ಆರ್ಡರ್‌ಗೆ ಇಷ್ಟು, ದೂರಕ್ಕೆ ಇಷ್ಟು. ದಿನಕ್ಕೆ ಇಂತಿಷ್ಟು ಆರ್ಡರ್ ಮುಗಿಸಿದರೆ ಮಾತ್ರ ಇನ್ಸೆಂಟಿವ್. ಗಾಡಿ, ಮೊಬೈಲು, ಪೆಟ್ರೋಲು ಎಲ್ಲಾ ನಮ್ಮದೇ. 2021ರ ಜೂನ್‌ನಲ್ಲಿ ಬೆಂಗಳೂರಿನಲ್ಲಿ ಪೆಟ್ರೋಲ್ ಲೀಟರಿಗೆ 100 ರೂಪಾಯಿ ದಾಟಿತು. ನನ್ನ ಕೂಲಿ ಹೆಚ್ಚಲಿಲ್ಲ. ಕಂಪನಿಯ ಕಾಗದದಲ್ಲಿ ನಾನು ಕೆಲಸಗಾರ ಅಲ್ಲ, 'ಪಾರ್ಟ್‌ನರ್'. ಕೇಳಲು ಚೆನ್ನಾಗಿದೆ. ಪಿಎಫ್ ಇಲ್ಲ, ಇಎಸ್ಐ ಇಲ್ಲ, ರಜೆ ಇಲ್ಲ ಎಂಬುದು ಅದರ ಅರ್ಥ ಎಂದು ನನಗೆ ಗೊತ್ತಾದದ್ದು ಎರಡನೇ ಅಲೆಯಲ್ಲಿ.

2021ರ ಮೇ ತಿಂಗಳು. ಮನೆಮಂದಿಯೆಲ್ಲ ಹಾಸಿಗೆ ಹಿಡಿದಿದ್ದ ಮನೆಗಳಿಂದ ಆರ್ಡರ್ ಬರುತ್ತಿದ್ದವು. ಜಯನಗರದ ಒಂದು ಮನೆಗೆ ಇಡ್ಲಿ ಒಯ್ದಿದ್ದೆ. ಮಹಡಿಯ ಕಿಟಕಿಯಿಂದ ಒಬ್ಬ ಅಜ್ಜಿ, "ಇಬ್ಬರಿಗೂ ಜ್ವರ ಕಣಪ್ಪ, ಹೊರಗೆ ಹೋಗೋರು ಯಾರೂ ಇಲ್ಲ. ಮಾತ್ರೆ ತಂದುಕೊಡ್ತೀಯಾ?" ಎಂದರು. ಅಷ್ಟರಲ್ಲಿ ಮುಂದಿನ ಆರ್ಡರ್ ಮೊಬೈಲಿನಲ್ಲಿ ಬಡಿದುಕೊಳ್ಳುತ್ತಿತ್ತು. ಇನ್ನೆರಡು ಮುಗಿಸಿದ್ದರೆ ಆ ದಿನದ ಇನ್ಸೆಂಟಿವ್ ಸಿಗುತ್ತಿತ್ತು. ಆ್ಯಪ್ ಆಫ್ ಮಾಡಿ ಮೆಡಿಕಲ್ ಸ್ಟೋರಿನ ಸಾಲಿನಲ್ಲಿ ನಿಂತೆ. ಮಾತ್ರೆ ಕೊಟ್ಟಾಗ ಅಜ್ಜಿ ಹಣದ ಜೊತೆಗೆ ಕೇಳಿದ ಮಾತು, "ನಿನ್ನ ಊಟ ಆಯ್ತೇನಪ್ಪಾ?" ಈ ಶಾಲೆಯಲ್ಲಿ ಬಿಸಿಯೂಟ ಬಡಿಸುತ್ತಿದ್ದ ಅಕ್ಕ ದಿನಾ ಹೀಗೇ ಕೇಳುತ್ತಿದ್ದರು. ಗಾಡಿಯ ಹತ್ತಿರ ಬಂದು ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದೆ.

ಅದೇ ತಿಂಗಳ ಕೊನೆಗೆ ನನಗೂ ಜ್ವರ ಬಂತು. ಸಹಾಯವಾಣಿಗೆ ಫೋನ್ ಮಾಡಿದರೆ, "ಪಾಸಿಟಿವ್ ರಿಪೋರ್ಟ್ ಕಳಿಸಿ" ಎಂದರು. ರಿಪೋರ್ಟ್ ಬರಲು ನಾಲ್ಕು ದಿನ ಹಿಡಿಯಿತು. 14 ದಿನ ರೂಮಿನಲ್ಲಿ ಒಬ್ಬನೇ ಇದ್ದೆ. ಗಂಜಿ ತಂದು ಬಾಗಿಲಲ್ಲಿಟ್ಟು ಹೋಗುತ್ತಿದ್ದವನು ನನ್ನ ಹಾಗೆಯೇ ಡೆಲಿವರಿ ಮಾಡುವ, ರಾಯಚೂರು ಕಡೆಯ ಹುಡುಗ. ಕಂಪನಿಯ ಸಹಾಯಧನ ಬಂದದ್ದು ನಿಜ, ಆದರೆ ನಾನು ಮತ್ತೆ ಗಾಡಿ ಹತ್ತಿದ ಮೇಲೆ. ಅಷ್ಟರಲ್ಲಿ ಅಮ್ಮನ ಓಲೆ ಅಡವಿಗೆ ಹೋಗಿತ್ತು.

ನನ್ನ ಕಷ್ಟ ಹೇಳಿಕೊಳ್ಳಲು ಇಲ್ಲಿ ನಿಂತಿಲ್ಲ. ಆಗ ನಮ್ಮನ್ನು 'ಕೊರೊನಾ ಯೋಧರು' ಎಂದು ಕರೆದು ಚಪ್ಪಾಳೆ ತಟ್ಟಿದವರಿದ್ದರು. ಸಂತೋಷ. ಆದರೆ ಕಾಯಿಲೆ ಬಿದ್ದ ದಿನ ಕೈ ಹಿಡಿಯುವುದು ಕಾಯ್ದೆ, ಚಪ್ಪಾಳೆಯಲ್ಲ. 2025ರಲ್ಲಿ ನಮ್ಮ ರಾಜ್ಯದಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ಬಂದಿದೆ. ಅದರಲ್ಲಿ ಕಲ್ಯಾಣ ಮಂಡಳಿ ಇದೆ, ನಿಧಿ ಇದೆ. ಕೆಲಸದಿಂದ ತೆಗೆಯುವ ಮುನ್ನ ಕಾರಣ ತಿಳಿಸಿ 14 ದಿನಗಳ ನೋಟಿಸ್ ಕೊಡಬೇಕೆಂಬ ನಿಯಮವೂ ಇದೆ. ಅದು ಎಷ್ಟರಮಟ್ಟಿಗೆ ಜಾರಿಗೆ ಬರುತ್ತದೆ ಎಂಬುದು ನಾವು ಎಷ್ಟು ಜನ ಕೇಳುತ್ತೇವೆ ಎಂಬುದರ ಮೇಲೆ ನಿಂತಿದೆ.

ಮಕ್ಕಳೇ, ಚೆನ್ನಾಗಿ ಓದಿ. ಆದರೂ ನಿಮ್ಮಲ್ಲಿ ಕೆಲವರು ನಾಳೆ ಈ ಕೆಲಸಕ್ಕೆ ಬರಬಹುದು, ಅದರಲ್ಲಿ ನಾಚಿಕೆಯಿಲ್ಲ. ಬಂದರೆ ಸಹಿ ಹಾಕುವ ಮುನ್ನ, ಒಪ್ಪಿಗೆಯ ಬಟನ್ ಒತ್ತುವ ಮುನ್ನ, ಷರತ್ತುಗಳನ್ನು ಓದಿ. ಇ-ಶ್ರಮ್‌ನಲ್ಲಿ ಹೆಸರು ನೋಂದಾಯಿಸಿ. ಇಷ್ಟನ್ನು ಓದಿ ಅರ್ಥಮಾಡಿಕೊಳ್ಳುವ ಕನ್ನಡವನ್ನು ಈ ಶಾಲೆ ನನಗೆ ಕಲಿಸಿತ್ತು, ನಾನೇ ಓದಿರಲಿಲ್ಲ.

ಹಿರಿಯರಲ್ಲಿ ಒಂದೇ ವಿನಂತಿ. ನಿಮ್ಮ ಮಕ್ಕಳ ಮನೆಗೆ ಬೆಂಗಳೂರಿಗೆ ಹೋದಾಗ ಊಟ ತಂದ ಹುಡುಗನಿಗೆ ಒಂದು ಲೋಟ ನೀರು ಬೇಕೇ ಎಂದು ಕೇಳಿ.