ಹೊಸ ಗೌಪ್ಯ ವರದಿ: ನೌಕರರ ದತ್ತಾಂಶ ಮತ್ತು ಉತ್ತರ ಕೊಡುವ ಹಕ್ಕು



ಸರ್ಕಾರಿ ನೌಕರಿ ಮಾಡಿದವರಿಗೆ ‘ಗೌಪ್ಯ ವರದಿ’ ಏನೆಂದು ನಾನು ವಿವರಿಸಬೇಕಿಲ್ಲ. ಮೇಲಧಿಕಾರಿ ವರ್ಷಕ್ಕೊಮ್ಮೆ ನೌಕರನ ಬಗ್ಗೆ ನಾಲ್ಕು ಸಾಲು ಬರೆದು ಮೇಲಕ್ಕೆ ಕಳಿಸುತ್ತಿದ್ದರು. ಅದರಲ್ಲಿ ಏನಿತ್ತು ಎಂಬುದು ಎಷ್ಟೋ ಸಲ ಬಡ್ತಿ ತಪ್ಪಿದ ಮೇಲೆಯೇ ತಿಳಿಯುತ್ತಿತ್ತು. ಗಡಿ ರಸ್ತೆಗಳ ಸಂಸ್ಥೆಯ ಎಂಜಿನಿಯರ್ ಒಬ್ಬರಿಗೆ ಒಂದು ವರ್ಷ ‘ಉತ್ತಮ’ ಎಂಬ ಷರಾ ಬಿದ್ದಿತ್ತು. ಬಡ್ತಿಗೆ ಬೇಕಿದ್ದದ್ದು ‘ಬಹಳ ಉತ್ತಮ’. ಆ ಷರಾ ಅವರ ದಾರಿಗೆ ಅಡ್ಡ ಬಂತು, ಆದರೆ ಅದನ್ನು ಯಾರೂ ಅವರಿಗೆ ತಿಳಿಸಿರಲಿಲ್ಲ. ದೇವ್ ದತ್ ಪ್ರಕರಣವೆಂದು ಹೆಸರಾದ ಆ ದಾವೆಯಲ್ಲಿ 2008ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿತು: ಸೇನೆಯನ್ನು ಬಿಟ್ಟು ಉಳಿದೆಡೆ, ಷರಾ ಒಳ್ಳೆಯದಿರಲಿ ಕೆಟ್ಟದ್ದಿರಲಿ, ಅದನ್ನು ನೌಕರನಿಗೆ ತಿಳಿಸಲೇಬೇಕು. ಆಕ್ಷೇಪ ಸಲ್ಲಿಸಲು ಅವಕಾಶ ಕೊಡಬೇಕು. ಇಲ್ಲವಾದರೆ ಅದು ಸಂವಿಧಾನದ 14ನೇ ವಿಧಿಗೆ ವಿರುದ್ಧ.

ಇಂದಿನ ಉಪನ್ಯಾಸದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ನ್ಯಾಯಾಲಯ ತೆರೆಸಿದ ಆ ಗೌಪ್ಯ ವರದಿ ಈಗ ಕಂಪ್ಯೂಟರಿನೊಳಗೆ ಮತ್ತೆ ಮುಚ್ಚಿಕೊಳ್ಳುತ್ತಿದೆ. ಈ ಸಲ ವರ್ಷಕ್ಕೊಮ್ಮೆ ಅಲ್ಲ, ನಿಮಿಷಕ್ಕೊಮ್ಮೆ ಬರೆದುಕೊಳ್ಳುತ್ತಿದೆ.

ದುಡಿಯುವವರನ್ನು ಅಳೆಯುವ ಆಸೆ ಹಳೆಯದು. ಅಮೆರಿಕದ ಫ್ರೆಡರಿಕ್ ಟೇಲರ್ ‘ವೈಜ್ಞಾನಿಕ ನಿರ್ವಹಣೆ’ಯ ಪುಸ್ತಕವನ್ನು ಪ್ರಕಟಿಸಿದ್ದು 1911ರಲ್ಲಿ. ಅದೇ ವರ್ಷ ಮ್ಯಾಸಚೂಸೆಟ್ಸ್‌ನ ವಾಟರ್‌ಟೌನ್ ಸರ್ಕಾರಿ ಶಸ್ತ್ರಾಗಾರದಲ್ಲಿ ಎರಕದ ಕೆಲಸಗಾರರು ತಮ್ಮ ಮೇಲೆ ಸ್ಟಾಪ್‌ವಾಚ್ ಹಿಡಿದದ್ದಕ್ಕೆ ಕೆಲಸ ಬಿಟ್ಟು ಹೊರನಡೆದರು. ಕೆಲವೇ ವರ್ಷಗಳಲ್ಲಿ ಆ ದೇಶದ ಸಂಸತ್ತು ಸರ್ಕಾರಿ ಶಸ್ತ್ರಾಗಾರಗಳಲ್ಲಿ ಆ ಗಡಿಯಾರಕ್ಕೆ ಹಣ ಒದಗಿಸುವುದನ್ನೇ ನಿಲ್ಲಿಸಿತು. ಗಡಿಯಾರ ಹಿಡಿದವನು ಎದುರಿಗೇ ನಿಂತಿದ್ದ, ಅದಕ್ಕೇ ಅವನನ್ನು ಪ್ರತಿಭಟಿಸಲು ಸಾಧ್ಯವಾಯಿತು.

ದತ್ತಾಂಶದ ವಿಶ್ಲೇಷಣೆಯಿಂದ ಒಳ್ಳೆಯದೂ ಆಗಿದೆ, ಅದನ್ನು ಮರೆಯಬಾರದು. 2008ರ ಸುಮಾರಿಗೆ ಗೂಗಲ್ ‘ಪ್ರಾಜೆಕ್ಟ್ ಆಕ್ಸಿಜನ್’ ಆರಂಭಿಸಿ, ಮ್ಯಾನೇಜರ್‌ಗಳಿಂದ ನಿಜಕ್ಕೂ ಏನಾದರೂ ವ್ಯತ್ಯಾಸವಾಗುತ್ತದೆಯೇ ಎಂದು ತನ್ನದೇ ಅಪ್ರೈಸಲ್ ಮತ್ತು ಸಮೀಕ್ಷೆಗಳಲ್ಲಿ ಹುಡುಕಿತು. ಆಗುತ್ತದೆ ಎಂದು ಕಂಡಿತು. ಕೈಕೆಳಗಿನವರಿಗೆ ಕಲಿಸುವ, ಅವರ ಕೆಲಸದಲ್ಲಿ ಸುಮ್ಮನೆ ತಲೆಹಾಕದ, ಅವರ ಯೋಗಕ್ಷೇಮ ವಿಚಾರಿಸುವ ಗುಣಗಳು ತಾಂತ್ರಿಕ ಜಾಣತನಕ್ಕಿಂತ ಮೇಲೆ ನಿಂತವು. ಅಳತೆಗೋಲು ಅಲ್ಲಿ ಅಧಿಕಾರ ಇದ್ದವರ ಕಡೆಗೆ ತಿರುಗಿತ್ತು ಎಂಬುದನ್ನು ಗಮನಿಸಬೇಕು.

ಇದಕ್ಕೆ ತದ್ವಿರುದ್ಧವಾದದ್ದು ಜರ್ಮನಿಯ ನ್ಯೂರೆಂಬರ್ಗ್‌ನಲ್ಲಿ ನಡೆಯಿತು. ಬಟ್ಟೆ ಕಂಪನಿ ಎಚ್ ಅಂಡ್ ಎಂನ ಸೇವಾ ಕೇಂದ್ರ ಅಲ್ಲಿದೆ. ರಜೆ ಅಥವಾ ಕಾಯಿಲೆ ಮುಗಿಸಿ ಬಂದವರನ್ನು ತಂಡದ ಮುಖ್ಯಸ್ಥರು ಕೂರಿಸಿಕೊಂಡು ಮಾತಾಡಿಸುತ್ತಿದ್ದರು. ಹೇಗಿದ್ದೀರಿ, ರಜೆ ಹೇಗಾಯಿತು ಎಂಬ ಕುಶಲದ ಮಾತು. ಅದಾದ ಮೇಲೆ ಕಾಯಿಲೆಯ ಲಕ್ಷಣ, ವೈದ್ಯರು ಹೇಳಿದ್ದು ಎಲ್ಲವನ್ನೂ ದಾಖಲಿಸಿಡುತ್ತಿದ್ದರು. ಮನೆಯ ಜಗಳ, ಧಾರ್ಮಿಕ ನಂಬಿಕೆಗಳಂಥ ಸಂಗತಿಗಳು ಕಾರಿಡಾರಿನ ಹರಟೆಯಿಂದಲೂ ಬಂದು ಸೇರುತ್ತಿದ್ದವು. 2014ರಿಂದಾದರೂ ಹೀಗೆ ನಡೆದಿತ್ತು. ಈ ಟಿಪ್ಪಣಿಗಳನ್ನು 50ರವರೆಗೆ ಮ್ಯಾನೇಜರ್‌ಗಳು ಓದಬಹುದಿತ್ತು. ಕೆಲಸದ ಲೆಕ್ಕಾಚಾರದ ಜೊತೆಗೆ ಇವನ್ನೂ ಸೇರಿಸಿ ನೌಕರರ ಬಗ್ಗೆ ತೀರ್ಮಾನ ಮಾಡುತ್ತಿದ್ದರು. ಹೊರಬಿದ್ದದ್ದು 2019ರ ಅಕ್ಟೋಬರ್‌ನಲ್ಲಿ, ಅದೂ ಆಕಸ್ಮಿಕವಾಗಿ: ತಾಂತ್ರಿಕ ದೋಷದಿಂದ ಕೆಲವು ಗಂಟೆ ಆ ಕಡತಗಳು ಇಡೀ ಕಂಪನಿಗೆ ಕಾಣಿಸಿಬಿಟ್ಟವು. ಮರುವರ್ಷ ಹ್ಯಾಂಬರ್ಗ್‌ನ ದತ್ತಾಂಶ ರಕ್ಷಣಾ ಆಯುಕ್ತರು 3.53 ಕೋಟಿ ಯೂರೋ ದಂಡ ಹಾಕಿದರು. ಕಂಪನಿ ಕ್ಷಮೆ ಕೇಳಿತು. ಆ ತಾಂತ್ರಿಕ ದೋಷ ಆಗದೇ ಇದ್ದಿದ್ದರೆ? ಮಗುವಿಗೆ ಹುಷಾರಿಲ್ಲವೆಂದು ನಂಬಿ ಹೇಳಿಕೊಂಡ ತಾಯಿಗೆ ಅದು ತನ್ನ ಕಡತದಲ್ಲಿ ಕೂತಿದೆ ಎಂದು ತಿಳಿಯುವ ಬಗೆ ಯಾವುದು?

ಅಮೆಜಾನ್ 2014ರಿಂದ ಕಟ್ಟುತ್ತಿದ್ದ ನೇಮಕಾತಿ ತಂತ್ರಾಂಶದ ಕಥೆಯೂ ಇದೇ. ಹತ್ತು ವರ್ಷಗಳ ಅರ್ಜಿಗಳಿಂದ ಕಲಿತ ಅದು, ಹೆಚ್ಚಿನ ಅರ್ಜಿಗಳು ಗಂಡಸರವೇ ಆಗಿದ್ದರಿಂದ, ‘ಮಹಿಳಾ’ ಎಂಬ ಪದ ಕಂಡ ರೆಸ್ಯೂಮೆಗಳ ಅಂಕ ಇಳಿಸುತ್ತಿತ್ತು. ಕಂಪನಿ ಆ ಯೋಜನೆಯನ್ನು ಕೈಬಿಟ್ಟಿತು. 2018ರಲ್ಲಿ ರಾಯಿಟರ್ಸ್ ಬರೆದಾಗ ಲೋಕಕ್ಕೆ ತಿಳಿಯಿತು.

ಇನ್ನು ನಮ್ಮ ದೇಶ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಸಾರಿದ್ದು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಅರ್ಜಿಯಲ್ಲಿ. ಆ ತೀರ್ಪಿನ ಬೆನ್ನಿಗೆ ಬಂದ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯನ್ನು ದಯವಿಟ್ಟು ಓದಿ ನೋಡಿ. ಅದರ 7ನೇ ಸೆಕ್ಷನ್ ಉದ್ಯೋಗದ ಉದ್ದೇಶಕ್ಕೆ ನೌಕರನ ಒಪ್ಪಿಗೆಯೇ ಬೇಡ ಎನ್ನುತ್ತದೆ. ಇದನ್ನು ನಾನು ಅಷ್ಟಾಗಿ ಆಕ್ಷೇಪಿಸುವುದಿಲ್ಲ. ಸಂಬಳ ಕೊಡುವವರ ಮುಂದೆ ಪಡೆದ ಒಪ್ಪಿಗೆಗೆ ಎಷ್ಟು ಬೆಲೆ ಎಂಬುದು ನಮಗೆಲ್ಲ ಗೊತ್ತು. ನನ್ನನ್ನು ಕಾಡುವುದು 11ನೇ ಸೆಕ್ಷನ್. ನಮ್ಮ ಬಗ್ಗೆ ಏನು ದಾಖಲೆಯಿದೆ ಎಂದು ಕೇಳಿ ಪಡೆಯುವ ಹಕ್ಕನ್ನು ಅದು ಕೊಡುತ್ತದೆ, ಆದರೆ ಒಪ್ಪಿಗೆ ಕೊಟ್ಟವರಿಗೆ ಮಾತ್ರ. ಒಪ್ಪಿಗೆ ಕೇಳದೆಯೇ ದಾಖಲಾದ ನೌಕರನಿಗೆ ಆ ಹಕ್ಕು ಸಿಗುವುದಿಲ್ಲ. ದೇವ್ ದತ್ ತೀರ್ಪಿನ ಹದಿನೈದು ವರ್ಷಗಳ ನಂತರ ನಾವು ಹಿಂದಕ್ಕೆ ಹೋಗಿದ್ದೇವೆ.

ಬೇರೆ ದಾರಿಯಿದೆ ಎಂಬುದಕ್ಕೆ ಉದಾಹರಣೆ ನಮ್ಮ ರಾಜ್ಯದಲ್ಲೇ ಇದೆ. ಕರ್ನಾಟಕದ 2025ರ ಗಿಗ್ ಕಾರ್ಮಿಕರ ಕಾಯ್ದೆ, ಆ್ಯಪ್‌ಗಳು ಕೆಲಸ ಹಂಚುವ ಮತ್ತು ರೇಟಿಂಗ್ ಕೊಡುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ಕಾರ್ಮಿಕರಿಗೆ ಮಾಹಿತಿ ಕೊಡಬೇಕೆನ್ನುತ್ತದೆ. ಸಾಮಾನ್ಯವಾಗಿ 14 ದಿನಗಳ ನೋಟಿಸ್ ಮತ್ತು ಲಿಖಿತ ಕಾರಣ ಇಲ್ಲದೆ ಕೆಲಸದಿಂದ ತೆಗೆಯುವಂತಿಲ್ಲ. ಜಾರಿ ಹೇಗಾಗುತ್ತದೋ ನೋಡಬೇಕು. ಆದರೂ ಕಾಗದದ ಮೇಲೆ, ಬೈಕಿನಲ್ಲಿ ಊಟ ತಲುಪಿಸುವ ಹುಡುಗನಿಗೆ ಇರುವ ಮಾಹಿತಿಯ ಹಕ್ಕು ವೈಟ್‌ಫೀಲ್ಡಿನ ಎಂಜಿನಿಯರಿಗೂ ಪೀಣ್ಯದ ಗಾರ್ಮೆಂಟ್ಸ್ ಹೆಣ್ಣುಮಗಳಿಗೂ ಇಲ್ಲ. 11ನೇ ಸೆಕ್ಷನ್ನಿಗೆ ಉದ್ಯೋಗದ ದತ್ತಾಂಶವನ್ನು ಸೇರಿಸುವ ಒಂದು ಸಾಲಿನ ತಿದ್ದುಪಡಿ ಬೇಕು. ಅದನ್ನು ಮೊದಲು ಕೇಳಬೇಕಾದವರು ಈ ಸಭೆಯಲ್ಲಿರುವ ಎಚ್.ಆರ್. ವೃತ್ತಿಯವರು ಎಂದು ನಾನು ನಂಬಿದ್ದೇನೆ. ಕಾಯ್ದೆ ಬದಲಾಗುವವರೆಗೆ ಕಾಯಬೇಕಾಗಿಯೂ ಇಲ್ಲ: ಮುಂದಿನ ಅಪ್ರೈಸಲ್‌ನಲ್ಲಿ ಯಂತ್ರ ಕೊಟ್ಟ ಅಂಕವನ್ನೂ ಅದಕ್ಕೆ ಆಧಾರವಾದ ದಾಖಲೆಯನ್ನೂ ನೌಕರರ ಕೈಗೆ ಕೊಟ್ಟು, ಅವರ ಉತ್ತರವನ್ನು ಅದೇ ಕಡತಕ್ಕೆ ಸೇರಿಸುವುದಕ್ಕೆ ಯಾವ ಕಾನೂನೂ ಅಡ್ಡಿಯಿಲ್ಲ.