ಎಣಿಕೆಗೆ ಹೆಣ್ಣೇನು, ಗಂಡೇನು?

ನಿಮ್ಮ ಮನೆಯಲ್ಲಿ ಮೂರು ವರ್ಷದ ಮಗುವಿದ್ದರೆ ಒಂದು ವಿನೋದ ಮಾಡಿ ನೋಡಿ. ಒಂದು ತಟ್ಟೆಯಲ್ಲಿ ನಾಲ್ಕು ಸೇವಂತಿಗೆ ಹೂ, ಇನ್ನೊಂದರಲ್ಲಿ ಎಂಟು ಇಡಿ. ಸರಿಯಾಗಿ ಎಣಿಸಲು ಬಾರದ ಮಗುವೂ ಹೆಚ್ಚಿರುವ ತಟ್ಟೆಯನ್ನು ಕಣ್ಣಂದಾಜಿನಲ್ಲೇ ಗುರುತಿಸುವುದುಂಟು.

ಸಂಖ್ಯೆಯ ಈ ಮೊದಲ ಅರಿವು ಗಂಡುಮಗುವಿಗೆ ಹೆಚ್ಚು, ಹೆಣ್ಣುಮಗುವಿಗೆ ಕಡಿಮೆಯೆ? ಅಮೆರಿಕದ ವಿಜ್ಞಾನಿಗಳು 6 ತಿಂಗಳ ಕೂಸುಗಳಿಂದ ಹಿಡಿದು 8 ವರ್ಷದವರೆಗಿನ 500ಕ್ಕೂ ಹೆಚ್ಚು ಮಕ್ಕಳ ಪರೀಕ್ಷೆಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟಿಸಿದರು. ರಾಶಿ ನೋಡಿ ಹೆಚ್ಚುಕಡಿಮೆ ತಿಳಿಯುವುದು, ಎಣಿಸುವುದು, ಗಣಿತದ ಮೊದಲ ಪಾಠಗಳು, ಈ ಮೂರರಲ್ಲಿಯೂ ಇಬ್ಬರೂ ಸಮಸಮವೆಂದೇ ತಿಳಿದುಬಂದಿತು.

ಹಾಗಾದರೆ ಅಂತರ ಹುಟ್ಟುವುದೆಲ್ಲಿ? ಫ್ರಾನ್ಸ್ ದೇಶದಲ್ಲಿ 2018 ಮತ್ತು 2022ರ ನಡುವೆ ಒಂದನೆಯ ತರಗತಿಯ 25 ಲಕ್ಷಕ್ಕೂ ಹೆಚ್ಚು ಮಕ್ಕಳನ್ನು ಲೆಕ್ಕದಲ್ಲಿ ಪರೀಕ್ಷಿಸಿದರು. ಶಾಲೆ ಸೇರಿದಾಗ ಹುಡುಗ ಹುಡುಗಿಯರು ಬಹುಮಟ್ಟಿಗೆ ಸಮ. ನಾಲ್ಕೇ ತಿಂಗಳಲ್ಲಿ ಹುಡುಗರು ಸರಾಸರಿಯಲ್ಲಿ ಮುಂದೆ! ಈ ಅಂತರ ವಯಸ್ಸಿನೊಡನೆ ಬೆಳೆದುದಲ್ಲ. ಶಾಲೆಯ ದಿನಗಳೊಡನೆ ಬೆಳೆದುದು. ಮನೆಯೂ ಇದಕ್ಕೆ ಹೊರತಲ್ಲ. ಎರಡು ವರ್ಷದ ಆಸುಪಾಸಿನ ಮಕ್ಕಳೊಡನೆ ಅಮೆರಿಕದ ತಾಯಂದಿರು ಆಡಿದ ಮಾತುಗಳನ್ನು ಪರಿಶೀಲಿಸಿದ 2011ರ ಅಧ್ಯಯನವೊಂದರಲ್ಲಿ, ಅಂಕಿಸಂಖ್ಯೆಯ ಮಾತು ಗಂಡುಮಕ್ಕಳ ಕಿವಿಗೇ ಹೆಚ್ಚು ಬಿದ್ದಿತ್ತು.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ನಾನು ಕನ್ನಡ ಪಂಡಿತ. ಮಕ್ಕಳು ಚಿಕ್ಕವರಾಗಿದ್ದಾಗ ಅಂಗಡಿಯ ಚೀಟಿ ಕೂಡುವ ಕೆಲಸವನ್ನು ಮಗನಿಗೆ ಕೊಟ್ಟು, ಮಗಳಿಗೆ “ನಿನಗೇಕಮ್ಮ ಲೆಕ್ಕ? ಒಂದು ಪದ್ಯ ಹೇಳು” ಎನ್ನುತ್ತಿದ್ದೆ. ಎಂಟು ವರ್ಷದ ಅದೇ ಹುಡುಗಿ ಬೆಳಗ್ಗೆ ಬಾಗಿಲಲ್ಲಿ ಚುಕ್ಕಿ ರಂಗೋಲಿ ಇಡುತ್ತಿದ್ದಳು. ನಡುಸಾಲಿನಲ್ಲಿ 7, ಅದರ ಮೇಲೂ ಕೆಳಗೂ 6, 5, 4, ಒಟ್ಟು 37. ಒಂದು ಚುಕ್ಕಿಯೂ ತಪ್ಪುತ್ತಿರಲಿಲ್ಲ. ಅದೂ ಲೆಕ್ಕವೆಂದು ನನಗೆ ಹೊಳೆಯಲಿಲ್ಲ. ನಾನು ಹೇಳದ್ದರಿಂದ ಅವಳಿಗೂ ಹೊಳೆಯಲಿಲ್ಲ. ಹೈಸ್ಕೂಲಿಗೆ ಬರುವ ಹೊತ್ತಿಗೆ “ಲೆಕ್ಕ ನನ್ನ ತಲೆಗೆ ಹತ್ತುವುದಿಲ್ಲ” ಎಂದು ನಂಬಿಬಿಟ್ಟಿದ್ದಳು.

ಭಾಸ್ಕರಾಚಾರ್ಯರು 1150ರಲ್ಲಿ ರಚಿಸಿದ ಗಣಿತಗ್ರಂಥದ ಹೆಸರೇ ‘ಲೀಲಾವತಿ’. ಅಲ್ಲಿನ ಎಷ್ಟೋ ಪ್ರಶ್ನೆಗಳು ಒಬ್ಬ ಬಾಲೆಯನ್ನು ಕರೆದು ಕೇಳಿದವು. ಅದನ್ನು ತರಗತಿಯಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದ ನಾನು, ಮನೆಯ ಬಾಲೆಯನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ.

ನೀವು ಹಾಗೆ ಮಾಡಬೇಡಿ. ನಾಳೆ ಬೆಳಗ್ಗೆ ರಂಗೋಲಿಯ ಮುಂದೆ ನಿಂತು ನಿಮ್ಮ ಮಗಳನ್ನು ಕೇಳಿ: “ಒಟ್ಟು ಎಷ್ಟು ಚುಕ್ಕಿಯಮ್ಮ?” ತಪ್ಪಿದರೆ ನಗಬೇಡಿ, ಜೊತೆಯಲ್ಲಿ ಕುಳಿತು ಎಣಿಸಿ. ಅಂಗಡಿಯ ಚೀಟಿಯನ್ನು ಅವಳ ಕೈಗೂ ಕೊಡಿ.