ಮನೆಯವರನ್ನೇ ಕಚ್ಚುವ ನಾಯಿಮರಿ
(ಬಸವಕಲ್ಯಾಣ, ಹುಮನಾಬಾದ ತಾಲ್ಲೂಕುಗಳ ಜಮೀನುದಾರರ ಹಾಗೂ ಗ್ರಾಮಮುಖಂಡರ ಮುಂದೆ ಮಾಡಿದ ಭಾಷಣ)



ಬೀಜ, ಗೊಬ್ಬರ, ತೊಗರಿಯ ಕಾಯಿಕೊರಕ ಹುಳು ಮುಂತಾದುವನ್ನು ಕುರಿತು ಮಾತನಾಡಬೇಕಾದ ಬೇಸಾಯದ ಇಲಾಖೆಯವನು ನಾಯಿಮರಿಯ ವಿಷಯವನ್ನೆತ್ತಿದುದು ತಮ್ಮಲ್ಲಿ ಕೆಲವರಿಗೆ ನಗೆಯನ್ನುಂಟುಮಾಡಬಹುದು. ಆದರೆ ಕಾವಲಿನ ನಾಯಿಯೂ ನೇಗಿಲು ಎತ್ತುಗಳಂತೆಯೇ ಒಕ್ಕಲುತನದ ಒಂದು ಅಂಗ. ಜೋಳ ತೆನೆಗಟ್ಟಿದಾಗ ಕಾಡುಹಂದಿಯ ಹಾವಳಿ, ರಾಶಿ ಕಣದಲ್ಲಿರುವಾಗ ಕಳ್ಳರ ಭಯ; ಆದುದರಿಂದ ನಮ್ಮ ಸೀಮೆಯ ಒಕ್ಕಲಿಗರು ಎಲ್ಲಿಂದಲಾದರೂ ಒಂದು ಕುನ್ನಿಯನ್ನು ತಂದು ಸಾಕುವುದುಂಟು. ಕೆಲವು ವಾರಗಳಲ್ಲಿಯೇ ಅದು ಮಕ್ಕಳ ಕೈಕಾಲು ಕಚ್ಚುತ್ತದೆಂದೂ, ರೊಟ್ಟಿ ಹಾಕಿದ ಹೆಣ್ಣುಮಕ್ಕಳ ಮೇಲೆಯೇ ಗುರುಗುಟ್ಟುತ್ತದೆಂದೂ ದೂರು ಕೇಳಿಬರುತ್ತದೆ. "ಕಚ್ಚುವ ನಾಯಿಯೇ ಕಾವಲಿಗೆ ಲೇಸು, ಇರಲಿ ಬಿಡಿ" ಎಂದು ಕೆಲವರು ಹೇಳಿದರೆ, ಕೆಲವರು ಬಡಿಗೆಯನ್ನೆತ್ತಿಕೊಳ್ಳುತ್ತಾರೆ. ಎರಡೂ ತಪ್ಪು. ಇವೆರಡಕ್ಕಿಂತಲೂ ಘೋರವಾದ ತಪ್ಪು ಕುನ್ನಿಯ ಕಡಿತವನ್ನು ಕಡಿತವೆಂದೇ ಎಣಿಸದಿರುವುದು.

ಮೊದಲು ಕುನ್ನಿ ಕಚ್ಚುವುದೇಕೆಂಬುದನ್ನು ವಿಚಾರಿಸೋಣ. ಮೂರು ವಾರ ತುಂಬುವ ಹೊತ್ತಿಗೆ ಅದಕ್ಕೆ ಹಾಲುಹಲ್ಲು ಮೂಡತೊಡಗುತ್ತವೆ. ಒಟ್ಟು ೨೮ ಹಲ್ಲುಗಳು, ಸೂಜಿಯಂತೆ ಚೂಪು. ಒಡಹುಟ್ಟಿದ ಮರಿಗಳೊಡನೆ ಕಚ್ಚಾಡುತ್ತ, ಒಂದು ಗಟ್ಟಿಯಾಗಿ ಕಚ್ಚಿದಾಗ ಇನ್ನೊಂದು ಕುಂಯ್‌ಗುಟ್ಟಿ ಆಟ ಬಿಟ್ಟು ಹೋಗುವುದನ್ನು ಕಂಡು, ಎಷ್ಟು ಮೆಲ್ಲಗೆ ಬಾಯಿ ಹಾಕಬೇಕೆಂಬುದನ್ನು ಅದು ಕಲಿಯುತ್ತದೆ. ನಾವಾದರೋ ನಾಲ್ಕೈದು ವಾರದ ಮರಿಯನ್ನು ತಾಯಿಯಿಂದ ಅಗಲಿಸಿ ಚೀಲದಲ್ಲಿ ಹಾಕಿಕೊಂಡು ಬರುತ್ತೇವೆ. ಪಾಠ ಅರ್ಧಕ್ಕೇ ನಿಲ್ಲುತ್ತದೆ. ಎಂಟು ವಾರ ತುಂಬುವ ತನಕ ಮರಿಯನ್ನು ತಾಯಿಯ ಬಳಿಯಲ್ಲಿಯೇ ಬಿಡತಕ್ಕದ್ದು. ನಾಲ್ಕನೆಯ ತಿಂಗಳಿನಿಂದ ಹಾಲುಹಲ್ಲು ಉದುರಿ ಹೊಸ ಹಲ್ಲು ಬರುವಾಗ ಒಸಡು ನವೆಯುವುದರಿಂದ ಸಿಕ್ಕಿದ್ದನ್ನೆಲ್ಲ ಕಡಿಯುತ್ತದೆ. ಆಗ ದಪ್ಪ ಹಗ್ಗದ ತುಂಡೊಂದನ್ನು ಅದರ ಮುಂದೆ ಹಾಕುವುದು ಲೇಸು. ಕೈಗೆ ಬಾಯಿ ಹಾಕಿದರೆ ಆಟವನ್ನು ಅಲ್ಲಿಗೇ ನಿಲ್ಲಿಸಿ, ಸುಮ್ಮನೆ ನಿಂತು, ಮುಖ ತಿರುಗಿಸಬೇಕು. ಮಕ್ಕಳು ಚೀರಿ ಓಡಿದರೆ ಅದಕ್ಕೆ ಅದೇ ಆಟವಾಗುತ್ತದೆ. ಮನೆಯವರೆಲ್ಲರೂ ಒಂದೇ ರೀತಿ ನಡೆಯಬೇಕು. ಅಪ್ಪ ಗದರಿಸಿ, ಮಗ ಛೂ ಬಿಟ್ಟು ಕೆಣಕಿದರೆ ಮರಿ ಏನನ್ನು ಕಲಿತೀತು?

ಅನ್ನದ ಮುಂದೆ ಗುರುಗುಟ್ಟುವ ಮರಿಯ ವಿಷಯ ಬೇರೆ. ಅದಕ್ಕೆ ತನ್ನ ತುತ್ತು ಹೋಗುವುದೆಂಬ ಭಯ. ತಿನ್ನುವಾಗ ತಟ್ಟೆಯನ್ನೆಳೆದು ಪರೀಕ್ಷಿಸುವವರಿದ್ದಾರೆ, ಇದು ಕೂಡದು. ಗೊತ್ತಾದ ಸ್ಥಳದಲ್ಲಿ, ಗೊತ್ತಾದ ಹೊತ್ತಿಗೆ, ದಿನಕ್ಕೆ ಮೂರು ಸಲ ಹಾಕಿ, ಅದು ತಿನ್ನುತ್ತಿರುವಾಗ ನಾಲ್ಕು ಮಾರು ದೂರದಿಂದ ಹಾಲಿನಲ್ಲಿ ನೆನೆದ ರೊಟ್ಟಿಯ ತುಣುಕನ್ನು ಎಸೆದು ಹೋಗಬೇಕು. ದಿನದಿನಕ್ಕೆ ಸ್ವಲ್ಪ ಸಮೀಪಿಸಬಹುದು. ಮನುಷ್ಯ ಬಂದರೆ ತುತ್ತು ಹೆಚ್ಚುತ್ತದೆಂಬುದು ತಿಳಿದ ಮರಿ ಕ್ರಮೇಣ ಗುರುಗುಟ್ಟುವುದನ್ನು ಬಿಡುತ್ತದೆ. ಗುರುಗುಟ್ಟಿದ್ದಕ್ಕೆ ಹೊಡೆದರೆ ಭಯ ಹೋಗುವುದಿಲ್ಲ, ಸದ್ದು ಮಾತ್ರ ಹೋಗುತ್ತದೆ. ಮುಂದೆ ಅದು ಮುನ್ಸೂಚನೆಯಿಲ್ಲದೆ ಕಚ್ಚುವ ನಾಯಿಯಾಗುತ್ತದೆ.

ಉಗ್ರವಾಗಲೆಂದು ಮೆಣಸಿನಕಾಯಿ ತಿನ್ನಿಸುವುದು, ಕಿವಿ ಕತ್ತರಿಸುವುದು, ಹಗಲಿರುಳು ಗೂಟಕ್ಕೆ ಕಟ್ಟುವುದು, ಇವು ಕೆಲವೆಡೆ ಇನ್ನೂ ನಡೆಯುತ್ತಿವೆ. ಇವುಗಳಿಂದ ನೋವೂ ಸಿಡುಕೂ ಹೆಚ್ಚುವುವೇ ಹೊರತು ಕಾವಲು ಹೆಚ್ಚುವುದಿಲ್ಲ. ಕುರಿಗಾರರನ್ನು ನೋಡಿರಿ: ಅವರ ನಾಯಿ ತೋಳನ ಮೇಲೆ ಬೀಳುತ್ತದೆ, ಕುರಿಮರಿಯನ್ನು ಮುಟ್ಟುವುದಿಲ್ಲ, ಏಕೆಂದರೆ ಕಣ್ಣು ಬಿಟ್ಟಂದಿನಿಂದ ಅದು ಕುರಿಗಳ ನಡುವೆಯೇ ಬೆಳೆದಿರುತ್ತದೆ. ಸುಮಾರು ಮೂರು ತಿಂಗಳ ತನಕ ಮರಿ ಯಾರನ್ನು ಸಂಗಡಿಗರೆಂದು ಕಾಣುವುದೋ ಅವರನ್ನು ಮುಂದೆಯೂ ಹಾಗೆಯೇ ಕಾಣುತ್ತದೆ. ಮುಧೋಳದ ತಳಿಯ ಮರಿಗಳನ್ನು ದುಡ್ಡು ಕೊಟ್ಟು ತರುವವರಿಗೂ ಈ ಮಾತು ಸಲ್ಲುತ್ತದೆ.

ಇನ್ನು ಮುಖ್ಯ ವಿಷಯ. ಮರಿಗೆ ಹುಚ್ಚುನಾಯಿ ರೋಗ ಬರುವುದಿಲ್ಲವೆಂಬ ನಂಬಿಕೆ ಹಳ್ಳಿಗಳಲ್ಲಿದೆ. ಅದು ಶುದ್ಧ ಸುಳ್ಳು. ಬೀದಿಯ ಹುಚ್ಚುನಾಯಿಯೊಂದು ಕಚ್ಚಿದ್ದರೆ ಎರಡು ತಿಂಗಳ ಕೂಸುಮರಿಗೂ ರೋಗ ತಗಲುತ್ತದೆ. ಅದರ ಹಲ್ಲಿನ ಸಣ್ಣ ಗೀರು, ಗಾಯವನ್ನು ನೆಕ್ಕಿದ ಜೊಲ್ಲು, ಇಷ್ಟೇ ಮನುಷ್ಯನ ಸಾವಿಗೆ ಸಾಕು. ರೋಗದ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ಇಲ್ಲವೆಂದೇ ಹೇಳಬೇಕು. ಸಲಿಗೆಯ ಮರಿ ಒಮ್ಮಿಂದೊಮ್ಮೆ ಮೂಲೆ ಸೇರುವುದು, ಮಣ್ಣು ಕಟ್ಟಿಗೆ ಕಡಿಯುವುದು, ದನಿ ಒಡೆಯುವುದು, ದವಡೆ ಜೋತು ಜೊಲ್ಲು ಸುರಿಯುವುದು, ಓಲಾಡುವುದು: ಇವು ತುಂಟತನದ ಗುರುತುಗಳಲ್ಲ. ಅಂಥ ಮರಿಯ ಹತ್ತಿರ ಯಾರೂ ಹೋಗಕೂಡದು. ಕಡಿತಕ್ಕೊಳಗಾದ ಎತ್ತು ಎಮ್ಮೆಗಳಿಗೂ ಇದು ಬರುತ್ತದೆ. ಜೊಲ್ಲು ಸುರಿಸುವ ದನದ ಗಂಟಲಲ್ಲಿ ಏನೋ ಸಿಕ್ಕಿದೆಯೆಂದು ಬರಿಗೈ ಹಾಕುವ ರೂಢಿಯನ್ನು ದಯವಿಟ್ಟು ಬಿಡಿರಿ.

ಯಾವ ನಾಯಿ, ಯಾವ ಮರಿ ಕಚ್ಚಿದರೂ ಗಾಯವನ್ನು ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ೧೫ ನಿಮಿಷ ತೊಳೆಯತಕ್ಕದ್ದು. ಸುಣ್ಣ, ಖಾರ, ಅರಿಸಿನ ಮೆತ್ತಬಾರದು. ಮಂತ್ರಿಸಿದ ದಾರವನ್ನು ನೆಚ್ಚಿ ಕೂಡಬಾರದು. ಅದೇ ದಿನ ಸರಕಾರಿ ಆಸ್ಪತ್ರೆಗೆ ಹೋಗಬೇಕು. ೧೮೮೫ರಲ್ಲಿ ಲೂಯಿ ಪಾಸ್ತರನು ಪ್ಯಾರಿಸ್ಸಿನಲ್ಲಿ ೯ ವರ್ಷದ ಬಾಲಕನಿಗೆ ಈ ರೋಗದ ಲಸಿಕೆಯನ್ನು ಹಾಕಿದನು. ೧೯೦೭ರಲ್ಲಿ ದಕ್ಷಿಣದವರಿಗಾಗಿ ಕೂನೂರಿನಲ್ಲಿ ಪಾಸ್ತರ ಸಂಸ್ಥೆ ತೆರೆಯಿತು. ಹೊಟ್ಟೆಯ ಸುತ್ತ ಹಾಕುತ್ತಿದ್ದ ಆ ನೋವಿನ ಚುಚ್ಚುಮದ್ದಿನ ನೆನಪಿನಿಂದ ಇಂದಿಗೂ ಹೆದರುವ ಹಿರಿಯರಿದ್ದಾರೆ. ಅದು ಈಗಿಲ್ಲ. ಈಗ ತೋಳಿಗೆ ಹಾಕುತ್ತಾರೆ: ಮೊದಲ ದಿನ, ಆ ಮೇಲೆ ೩, ೭, ೨೮ನೆಯ ದಿನ, ಮಾಂಸಖಂಡಕ್ಕೆ ಕೊಡುವಲ್ಲಿ ೧೪ನೆಯ ದಿನವೂ ಉಂಟು. ಗಾಯ ಆಳವಾಗಿದ್ದರೆ ಗಾಯದೊಳಕ್ಕೇ ಬೇರೊಂದು ಮದ್ದನ್ನೂ ಕೊಡುತ್ತಾರೆ. ನಡುವೆ ಬಿಡಕೂಡದು.

ಕಚ್ಚಿದ ಮರಿಯನ್ನು ಕೂಡಲೇ ಕೊಲ್ಲುವುದೂ ಸರಿಯಲ್ಲ. ಭಾಲ್ಕಿ ತಾಲ್ಲೂಕಿನ ಖಾನಾಪುರದ ಮೈಲಾರ ಮಲ್ಲಣ್ಣನಿಗೆ ನಡೆದುಕೊಳ್ಳುವವರಿಗೆ ನಾಯಿಯನ್ನು ಹೊಡೆಯಲು ಮನಸ್ಸಾಗದು. ಈ ಸಂದರ್ಭದಲ್ಲಿ ಆ ಭಕ್ತಿಯೂ ವೈದ್ಯಶಾಸ್ತ್ರವೂ ಒಂದೇ ದಾರಿಯಲ್ಲಿವೆ. ಮರಿಯನ್ನು ಹತ್ತು ದಿನ ಭದ್ರವಾಗಿ ಕೂಡಿಹಾಕಿ ನೋಡಬೇಕು. ಅಷ್ಟರಲ್ಲಿ ಸತ್ತರೆ ಪಶುವೈದ್ಯರಿಗೆ ತಿಳಿಸಬೇಕು. ಆದರೆ ಆ ಹತ್ತು ದಿನ ಮುಗಿಯಲೆಂದು ಮನುಷ್ಯನ ಚಿಕಿತ್ಸೆಯನ್ನು ತಡೆಯಬಾರದು.

ಗ್ರಾಮಮುಖಂಡರಲ್ಲಿ ಒಂದು ವಿಶೇಷ ಅರಿಕೆ. ಮನುಷ್ಯರಿಗೆ ಬರುವ ಈ ರೋಗವನ್ನು ಸರಕಾರಕ್ಕೆ ತಿಳಿಸಲೇಬೇಕೆಂದು ಕರ್ನಾಟಕದಲ್ಲಿ ೨೦೨೨ರಲ್ಲಿ ಗೊತ್ತುಮಾಡಲಾಗಿದೆ; ಮುಚ್ಚಿಡಬಾರದು. ಮೂರು ತಿಂಗಳು ತುಂಬಿದ ಮರಿಗೆ ಲಸಿಕೆ ಹಾಕಿಸಿ, ಪಶುವೈದ್ಯರು ಹೇಳಿದಂತೆ ಮುಂದೆ ವರ್ಷ ವರ್ಷವೂ ಹಾಕಿಸತಕ್ಕದ್ದು. ಪಾಸ್ತರನು ತೀರಿಕೊಂಡ ಸೆಪ್ಟೆಂಬರ್ ೨೮ನ್ನು ಲೋಕವೆಲ್ಲ ಈ ರೋಗದ ದಿನವೆಂದು ಆಚರಿಸುತ್ತದೆ. ಆದರೆ ಆ ಹೊತ್ತಿಗೆ ನಮ್ಮಲ್ಲಿ ಹಿಂಗಾರಿ ಬಿತ್ತನೆಯ ಅವಸರವಿರುವುದರಿಂದ ಊರಿನ ನಾಯಿ, ಕುನ್ನಿಗಳ ಪಟ್ಟಿಯನ್ನು ಮೊದಲೇ ಬರೆದಿಟ್ಟುಕೊಂಡು, ತಮ್ಮ ತಾಲ್ಲೂಕಿನ ಪಶು ಚಿಕಿತ್ಸಾಲಯದವರೊಡನೆ ಒಂದು ದಿನವನ್ನು ಗೊತ್ತುಮಾಡಿಕೊಳ್ಳಿರಿ. ಆ ದಿನ ದೊಡ್ಡವರೇ ನಾಯಿಗಳನ್ನು ಹಿಡಿದು ತರಲಿ, ಮಕ್ಕಳ ಕೈಯಲ್ಲಿ ಕಳುಹಿಸಬೇಡಿರಿ.